ಮೇಲಿನ ಡಿಸ್ಕು, ಕೆಳಗಿನ ಡಿಸ್ಕು

ಶ್ರೀರಂಗಪಟ್ಟಣದಿಂದ ದಿನಾ ಬಸ್ಸಿನಲ್ಲಿ ಹೋಗಿ ಬಂದು ನಾನು ನಾಲ್ಕು ವರ್ಷ ಒಂದು ಸಕ್ಕರೆ ಕಾರ್ಖಾನೆಯ ಕಬ್ಬು ನೋಂದಣಿ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಮಾಡಿದೆ. ಕಾರ್ಖಾನೆ ಯಾವುದು ಎಂದು ಹೇಳುವುದಿಲ್ಲ. ಈ ವಿಷಯದಲ್ಲಿ ಅದರ ತಪ್ಪು ಏನೂ ಇಲ್ಲ, ತಪ್ಪೆಲ್ಲ ನನ್ನದು. ಮೊದಲೇ ಇದನ್ನು ಹೇಳಿಬಿಟ್ಟರೆ ಯಾರನ್ನು ಬೈಯಬೇಕು ಎಂದು ಓದುವವರು ಹುಡುಕಿಕೊಂಡು ಹೋಗಬೇಕಿಲ್ಲ.

ಆ ಕಚೇರಿಯಲ್ಲಿ ನಡೆಯುತ್ತಿದ್ದ ಕೆಲಸ ಇಷ್ಟೇ. ರೈತ ಕಬ್ಬು ನೆಟ್ಟರೆ ಕಾರ್ಖಾನೆಯ ಫೀಲ್ಡ್‌ಮನ್ ಹೋಗಿ ಹೊಲ ನೋಡಿ, ನೆಟ್ಟ ದಿನ ಬರೆದು ಚೀಟಿ ಮಾಡುತ್ತಿದ್ದ. ಒಂದು ಪ್ರತಿ ರೈತನಿಗೆ, ಇನ್ನೊಂದು ಕಚೇರಿಗೆ. ಕಚೇರಿಗೆ ಬಂದದ್ದನ್ನು ಕಂಪ್ಯೂಟರಿಗೆ ಏರಿಸಬೇಕು. ಮುಂದಿನ ವರ್ಷ ಯಾರ ಕಬ್ಬು ಮೊದಲು ಕಡಿಯಬೇಕು, ಯಾರದ್ದು ಆಮೇಲೆ ಎಂಬುದು ಆ ನೆಟ್ಟ ದಿನದ ಮೇಲೆ ನಿಲ್ಲುತ್ತಿತ್ತು. ದಿನ ಬಂದರೆ ಪರ್ಮಿಟ್ಟು, ಪರ್ಮಿಟ್ಟು ಬಂದರೆ ಕಡಿಯುವ ಆಳುಗಳು, ಲಾರಿ. ಸರದಿ ತಪ್ಪಿದರೆ ಕಬ್ಬು ಹೊಲದಲ್ಲೇ ನಿಂತು ಬೆಂಡಾಗುತ್ತದೆ. ನಮ್ಮ ಕಡೆ ಊಟ ಬಿಟ್ಟಾದರೂ ಇದ್ದಾರು, ಕಬ್ಬಿನ ಸರದಿ ಬಿಟ್ಟುಕೊಡುವವರು ಇಲ್ಲ.

ಚೀಟಿಗಳನ್ನು ಏರಿಸುತ್ತಿದ್ದವರು ಒಬ್ಬರು ಹೆಂಗಸು. ನನಗಿಂತ ಏಳೆಂಟು ವರ್ಷ ದೊಡ್ಡವರು. ಹುಟ್ಟಿದ್ದು ಕ್ಯಾತನಹಳ್ಳಿ, ಕೊಟ್ಟಿದ್ದು ಕೆ.ಆರ್. ಪೇಟೆ ಕಡೆಗೆ. ನಾನು ಅವರನ್ನು ಅಕ್ಕ ಎಂದು ಕರೆಯುತ್ತಿದ್ದೆ, ಅವರು ನನ್ನನ್ನು ಸಾರ್ ಎನ್ನುತ್ತಿದ್ದರು. ಕಂಪ್ಯೂಟರ್ ಕಲಿತದ್ದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಪಾಂಡವಪುರದ ಒಂದು ಸಣ್ಣ ತರಬೇತಿ ಕೇಂದ್ರದಲ್ಲಿ. ಅದಕ್ಕೋ ಏನೋ, ಪ್ರತಿ ಚೀಟಿಯನ್ನೂ ಏರಿಸಿದ ಮೇಲೆ ಇನ್ನೊಮ್ಮೆ ಬೆರಳಿಟ್ಟು ಓದಿ ನೋಡುತ್ತಿದ್ದರು. ನಾನು ರೇಗಿಸುತ್ತಿದ್ದೆ. "ಅಕ್ಕಾ, ಅದೇನು ಪರೀಕ್ಷೆಗೆ ಓದ್ದಂಗೆ ಓದ್ತೀರಿ" ಅಂದರೆ, "ಒಬ್ಬರ ಹೊಲ ಅದು ಸಾರ್, ತಪ್ಪಾದ್ರೆ ನಮ್ ಮನೆ ಗಂಟೇನ್ ಓಗಕಿಲ್ಲ, ಅವರ್ದು ಓಯ್ತದೆ" ಅನ್ನುತ್ತಿದ್ದರು.

ನನ್ನ ಕೆಲಸಕ್ಕೆ ಬರುತ್ತೇನೆ. ಈ ದಾಖಲೆಗಳೆಲ್ಲ ಇದ್ದದ್ದು ಒಂದು ಸರ್ವರಿನಲ್ಲಿ. ಸರ್ವರ್ ಅಂದರೆ ದೊಡ್ಡದೇನೂ ಅಲ್ಲ, ಸಣ್ಣ ಟ್ರಂಕಿನಷ್ಟು ಗಾತ್ರದ ಕಪ್ಪು ಪೆಟ್ಟಿಗೆ. ಮುಂಭಾಗದಲ್ಲಿ ಒಂದರ ಕೆಳಗೊಂದು ಎರಡು ಗೂಡು. ಮೇಲಿನ ಗೂಡಿನಲ್ಲಿ ಕೆಲಸ ಮಾಡುವ ಡಿಸ್ಕು. ಕೆಳಗಿನದರಲ್ಲಿ ಅದರದೇ ನಕಲು. ಮೇಲಿನದು ಕೈಕೊಟ್ಟ ದಿನ ಪೆಟ್ಟಿಗೆ ತಾನಾಗಿಯೇ ಕೆಳಗಿನ ಡಿಸ್ಕಿನಿಂದ ಎದ್ದು ಕೂರುವ ಹಾಗೆ ನಾನೇ ವ್ಯವಸ್ಥೆ ಮಾಡಿದ್ದೆ. ಮೂರು ದಿನ ಒದ್ದಾಡಿದ್ದೆ ಅದಕ್ಕೆ. ಕೊನೆಗೆ ಮ್ಯಾನೇಜರರನ್ನು ಕರೆದು, ಅವರ ಕಣ್ಣೆದುರಿಗೇ ಮೇಲಿನ ಡಿಸ್ಕನ್ನು ಹೊರಗೆ ಎಳೆದು, ಪೆಟ್ಟಿಗೆಯನ್ನು ಮತ್ತೆ ಚಾಲೂ ಮಾಡಿ ತೋರಿಸಿದೆ. ಕೆಳಗಿನದರಿಂದ ಎದ್ದಿತು. ಕ್ಯಾತನಹಳ್ಳಿ, ಮೇಲುಕೋಟೆ ತಪ್ಪಲು, ನಾಗಮಂಗಲ ರಸ್ತೆಯ ಹಳ್ಳಿಗಳು, ಎಲ್ಲ ಇದ್ದವು. ಮ್ಯಾನೇಜರ್ ನನ್ನ ಬೆನ್ನು ತಟ್ಟಿದರು. ಅಂದಿನಿಂದ ನನಗೆ ಸ್ವಲ್ಪ ಕೊಂಬು ಬಂತು.

ನಕಲು ತಾನಾಗಿ ಆಗುತ್ತಿರಲಿಲ್ಲ. ತಿಂಗಳಿಗೊಮ್ಮೆ, ಮೊದಲ ಶನಿವಾರ, ಮೇಲಿನದನ್ನು ಕೆಳಗಿನದಕ್ಕೆ ನಕಲು ಮಾಡಬೇಕು, ಆಮೇಲೆ ಒಮ್ಮೆ ಕೆಳಗಿನದರಿಂದ ಎಬ್ಬಿಸಿ ನೋಡಬೇಕು, ನೋಡಿ ರಿಜಿಸ್ಟರಿನಲ್ಲಿ 'ಪರೀಕ್ಷಿಸಲಾಗಿದೆ, ಸರಿ ಇದೆ' ಎಂದು ಬರೆದು ಸಹಿ ಹಾಕಬೇಕು. ಈ ನಿಯಮ ಮಾಡಿದವನೂ ನಾನೇ. ಮೊದಲ ವರ್ಷ ಚಾಚೂ ತಪ್ಪದೆ ಮಾಡಿದೆ. ಎರಡನೇ ವರ್ಷ ಪರೀಕ್ಷೆ ಬಿಟ್ಟೆ. ಆ ವರ್ಷ ಯುಗಾದಿ ಕಳೆದ ಮೇಲೆ ನಕಲನ್ನೂ ಬಿಟ್ಟೆ, ಸಹಿ ಮಾತ್ರ ಹಾಕಿದೆ. ಶನಿವಾರ ಮಧ್ಯಾಹ್ನದ ಬಸ್ಸು ಸಿಕ್ಕರೆ ಮನೆಗೆ ಬೇಗ ಸೇರಬಹುದಿತ್ತು, ಕಾರಣ ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಹೇಳಿಕೊಳ್ಳಲಿಕ್ಕಾದರೂ ಚೆನ್ನಾಗಿರುತ್ತಿತ್ತು.

ಆ ಸಲದ ಆಯುಧ ಪೂಜೆಗೆ ಕಚೇರಿಯನ್ನೆಲ್ಲ ಗುಡಿಸಿ ತೊಳೆದೆವು. ಅಕ್ಕ ಚೀಟಿಗಳ ಗಂಟುಗಳನ್ನು ಹಳ್ಳಿವಾರು ದಾರ ಕಟ್ಟಿ ಬೀರುವಿನಲ್ಲಿ ಜೋಡಿಸಿಟ್ಟಿದ್ದರು. "ಇವನ್ನ ಇಟ್ಕಳನಾ ಸಾರ್?" ಎಂದು ಕೇಳಿದರು. ನಾನು ಕುರ್ಚಿಯಲ್ಲಿ ಕೂತಲ್ಲಿಂದಲೇ, "ಎರಡೆರಡು ಡಿಸ್ಕಿನಲ್ಲಿ ಇದೆ ಅಕ್ಕಾ, ಇಲಿಗೆ ಊಟ ಹಾಕೋಕೆ ಇಟ್ಕೋಬೇಕಾ?" ಅಂದೆ. ಕಚೇರಿಯ ಹಿಂದೆ ಎಲ್ಲ ಗಂಟುಗಳನ್ನೂ ಸುಟ್ಟರು.

ಪೂಜೆಗೆ ಫೀಲ್ಡ್‌ಮನ್‌ಗಳ ಬೈಕು, ತೂಕದ ಯಂತ್ರ, ಪ್ರಿಂಟರು, ಎಲ್ಲಕ್ಕೂ ವಿಭೂತಿ ಪಟ್ಟೆ, ಕುಂಕುಮ, ಸೇವಂತಿಗೆ. ಸರ್ವರ್ ಪೆಟ್ಟಿಗೆಯ ಸರದಿ ಬಂದಾಗ ನನಗೆ ಬುದ್ಧಿವಂತಿಕೆ ಉಕ್ಕಿತು. ಪೆಟ್ಟಿಗೆಗೆ ಪೂಜೆ ಮಾಡಿ ಏನು ಬಂತು, ನಿಜವಾದ ಆಯುಧ ಒಳಗಿನ ಡಿಸ್ಕು ಎಂದು ಎಲ್ಲರಿಗೂ ಒಂದು ಸಣ್ಣ ಭಾಷಣ ಬಿಗಿದು, ಪೆಟ್ಟಿಗೆಯನ್ನು ಆರಿಸಿ ಎರಡೂ ಡಿಸ್ಕುಗಳನ್ನು ಎಳೆದು ಹಿತ್ತಾಳೆ ತಟ್ಟೆಯಲ್ಲಿ ದೇವರ ಫೋಟೋ ಮುಂದೆ ಇಟ್ಟೆ. ಒಂದು, ಎರಡು ಎಂದು ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದ್ದ ಕಾಗದದ ಮೇಲೇ ಪೂಜಾರಪ್ಪ ನೀರಿನಲ್ಲಿ ಕಲಸಿದ ವಿಭೂತಿ ಬಳಿದರು. ಮಂಗಳಾರತಿ ಆಯಿತು. ಬಾಗಿಲಲ್ಲಿ ಬೂದುಗುಂಬಳ ಒಡೆದರು. ಪುರಿ, ಕಡ್ಲೆ, ಬಾಳೆಹಣ್ಣು ಹಂಚಿದರು. ಸಂಜೆ ಹೊರಡುವ ಮುಂಚೆ ನಾನು ಡಿಸ್ಕುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ವಿಭೂತಿಯ ಜೊತೆ ಬರಹವೂ ಕಲಸಿಹೋಯಿತು. ತಟ್ಟೆಯಲ್ಲಿ ಬಲಗಡೆ ಇದ್ದದ್ದು ಮೇಲಿನದು ಎಂದು ನೆನಪಿತ್ತು. ಆ ನೆನಪಿನ ಮೇಲೆ ಎರಡನ್ನೂ ಗೂಡಿಗೆ ತಳ್ಳಿದೆ.

ಮಂಗಳಾರತಿ ಹೊತ್ತಿನಲ್ಲಿ ಯಾರೋ ತಟ್ಟೆಯನ್ನು ತಿರುಗಿಸಿಟ್ಟಿದ್ದರು.

ಮರುದಿನ ವಿಜಯದಶಮಿ. ರಜೆ ಇದ್ದರೂ ಹೋದೆ. ಒಳ್ಳೆಯ ದಿನ, ಯುಗಾದಿಯಿಂದ ಬಿಟ್ಟಿದ್ದ ಕೆಲಸವನ್ನು ಈವತ್ತು ಹಿಡಿಯೋಣ, ಇನ್ನು ಮೇಲೆ ತಿಂಗಳು ತಪ್ಪಿಸಬಾರದು ಎಂದು ಬಸ್ಸಿನಲ್ಲೇ ನಿಶ್ಚಯ ಮಾಡಿಕೊಂಡಿದ್ದೆ. ಪೆಟ್ಟಿಗೆ ಚಾಲೂ ಮಾಡಿದೆ, ಎದ್ದಿತು. ಹಳ್ಳಿಗಳ ಪಟ್ಟಿ ತೆಗೆದು ನೋಡಲಿಲ್ಲ. ಮೇಲಿನಿಂದ ಕೆಳಕ್ಕೆ ನಕಲು ಮಾಡಲು ಹಚ್ಚಿ, ಉಳಿದಿದ್ದ ಪುರಿ ತಿನ್ನುತ್ತ ಕೂತೆ. ಎರಡು ಗಂಟೆ ಹಿಡಿಯಿತು. ಮೇಲಿನ ಗೂಡಿನಲ್ಲಿ ಇದ್ದದ್ದು ಯುಗಾದಿಯ ಹಳೆಯ ನಕಲು. ಕೆಳಗಿನದರಲ್ಲಿ ಆರು ತಿಂಗಳ ಚೀಟಿಗಳು. ಹಳೆಯದನ್ನು ತೆಗೆದು ಹೊಸದರ ಮೇಲೆ ನಾನೇ ಕೈಯಾರೆ ಬಳಿದಿದ್ದೆ, ಅದೂ ಮುಹೂರ್ತ ನೋಡಿ. ರಿಜಿಸ್ಟರಿನಲ್ಲಿ ಸಹಿಯನ್ನೂ ಹಾಕಿದೆ. ಆರು ತಿಂಗಳಲ್ಲಿ ನಾನು ಹಾಕಿದ ಒಂದೇ ಪ್ರಾಮಾಣಿಕ ಸಹಿ ಅದು.

ಅದರ ಮರುದಿನ ಬೆಳಿಗ್ಗೆ ಅಕ್ಕ ನನಗಿಂತ ಮೊದಲು ಬಂದು ಕಂಪ್ಯೂಟರ್ ತೆಗೆದಿದ್ದರು. ನಾನು ಒಳಗೆ ಕಾಲಿಟ್ಟಾಗ ನಿಂತುಕೊಂಡೇ ಇದ್ದರು.

"ಸಾರ್, ನಮ್ಮೂರ್ ಪಟ್ಟಿ ಪೂರ್ತಿ ಇಲ್ಲ. ಯುಗಾದಿಯಿಂದ ಈಚ್ಗೆ ನೆಟ್ಟೋರು ಒಬ್ರೂ ಇಲ್ಲ. ನಾನೇನಾರ ಮಾಡ್ಬುಟ್ನಾ?"

ಈ ಕೊನೆಯ ಮಾತು ಕೇಳಬಾರದಿತ್ತು ಅವರು. ಕೇಳಿದ್ದರಿಂದಲೇ ನನಗೆ ದಾರಿ ಸಿಕ್ಕಿತು. ಒಂದು ಗಂಟೆಯೊಳಗೆ ನನಗೆ ಎಲ್ಲ ತಿಳಿಯಿತು. ಎರಡೂ ಡಿಸ್ಕು ತೆಗೆದು ನೋಡಿದೆ, ಎರಡರಲ್ಲೂ ಯುಗಾದಿ. ಹೊರಗೆ ಹೋಗಿ ನಳದಲ್ಲಿ ಮುಖ ತೊಳೆದುಕೊಂಡು ಬಂದೆ. ಅಷ್ಟು ಹೊತ್ತಿಗೆ ಮ್ಯಾನೇಜರ್ ಬಂದಿದ್ದರು.

"ಏನಪ್ಪಾ, ಎರಡನೇ ಡಿಸ್ಕಿಂದ ಎಬ್ಬಿಸು ಮತ್ತೆ. ಅದಕ್ಕೆ ತಾನೆ ಇಟ್ಟಿರೋದು?" ಅಂದರು.

"ಅದರಲ್ಲೂ ಹೋಗಿದೆ ಸಾರ್. ನಿನ್ನೆ ನಕಲು ಮಾಡಿದೆ, ಇಲ್ಲಿ ಡಿಲೀಟ್ ಆದದ್ದು ಅಲ್ಲೂ ಡಿಲೀಟ್ ಆಗುತ್ತೆ" ಎಂದೆ.

"ಡಿಲೀಟ್ ಮಾಡಿದ್ದು ಯಾರು?"

ನಾನು ಹೆಸರು ಹೇಳಲಿಲ್ಲ. "ಎಂಟ್ರಿ ಮಾಡೋ ಕಡೆಯಿಂದ ಏನೋ ಒತ್ತಿದ್ದಾರೆ ಅನ್ಸುತ್ತೆ" ಅಂದೆ. ಎಂಟ್ರಿ ಮಾಡುವ ಕಂಪ್ಯೂಟರ್ ಇದ್ದದ್ದು ಒಂದೇ, ಅದರ ಮುಂದೆ ಕೂರುತ್ತಿದ್ದವರೂ ಒಬ್ಬರೇ. ಹೇಳಿ ಮುಗಿಸುವಾಗ ನನ್ನ ಕಣ್ಣು ಕ್ಯಾಲೆಂಡರಿನ ಮೇಲೆ ಇತ್ತು. ಅಕ್ಕ ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. "ಮೊನ್ನೆ ಪೂಜೆಗೆ ತಡವಾಯ್ತು ಅಂತ ಬಿರಬಿರ್ನೆ ಏನೋ ಎರಡ್ ಕಿತ ಒತ್ದೆ ಸಾರ್, ನಿಜ" ಎಂದು ತಾವೇ ಒಪ್ಪಿಕೊಂಡರು. ಮ್ಯಾನೇಜರ್ ಬೈದರು. ತುಂಬ ಹೊತ್ತು ಬೈದರು. ಕೆಲಸದಿಂದ ತೆಗೆಯುವ ಮಾತು ಬಂದಾಗ ನಾನು ನಡುವೆ ಬಾಯಿ ಹಾಕಿ, "ಕೈತಪ್ಪು ಸಾರ್, ಈ ಸಲ ಬಿಡಿ" ಅಂದೆ. ಅಕ್ಕ ನನಗೆ ಕೈ ಮುಗಿದರು. ನಾನು ಪರವಾಗಿಲ್ಲ ಎನ್ನುವಂತೆ ತಲೆ ಆಡಿಸಿದೆ. ಆ ತಲೆ ಆಡಿಸಿದ್ದು ನೆನಪಾದರೆ ಈಗಲೂ ಒಬ್ಬನೇ ಇದ್ದಾಗ ಥೂ ಎಂದು ಜೋರಾಗಿ ಅಂದುಬಿಡುತ್ತೇನೆ. ಹೆಂಡತಿ ಒಳಗಿನಿಂದ ಏನಾಯ್ತು ಎಂದು ಕೇಳುತ್ತಾಳೆ.

ರೈತರ ಬಳಿ ಇರುವ ಚೀಟಿಗಳನ್ನು ನೋಡಿ ಮತ್ತೆ ಏರಿಸಬೇಕು, ಚೀಟಿ ಇಲ್ಲದವರನ್ನು ಈಗ ಹೊಸದಾಗಿ ನೋಂದಾಯಿಸಿದಂತೆ ಲೆಕ್ಕ ಹಿಡಿಯಬೇಕು ಎಂದು ಮ್ಯಾನೇಜರ್ ತೀರ್ಮಾನಿಸಿದರು. ತಿರುಗುವ ಕೆಲಸ ಅಕ್ಕನ ತಲೆಗೆ ಬಂತು. ದೀಪಾವಳಿ ಕಳೆಯುವವರೆಗೂ ಅವರು ಬಸ್ಸಿನಲ್ಲಿ, ಬಸ್ಸಿಲ್ಲದ ಕಡೆ ಕಾಲುನಡಿಗೆಯಲ್ಲಿ ಹಳ್ಳಿ ಹಳ್ಳಿ ಸುತ್ತಿದರು. ಜನ ಒಳ್ಳೆಯವರು. ಪಂಚಾಂಗದ ಸಂದಿನಿಂದ, ದೇವರ ಗೂಡಿನಿಂದ, ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಿಂದ ಚೀಟಿ ತೆಗೆದುಕೊಟ್ಟರು. ಬೈಗುಳವನ್ನೂ ಕೊಟ್ಟರು. ಪ್ರತಿ ಮನೆಯಲ್ಲೂ ಅಕ್ಕ, "ನನ್ ಕೈತಪ್ಪು, ತಪ್ ತಿಳ್ಕಬೇಡಿ" ಎಂದೇ ಶುರು ಮಾಡುತ್ತಿದ್ದರು ಎಂದು ಜೊತೆಗೆ ಹೋಗಿದ್ದ ಫೀಲ್ಡ್‌ಮನ್ ನನಗೆ ಹೇಳಿದ. ನಾನು ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತು ಇದನ್ನು ಕೇಳಿಸಿಕೊಂಡೆ.

ಚೀಟಿ ಸಿಗದವರು ಕೆಲವರು ಇದ್ದರು. ಅವರಲ್ಲಿ ಒಬ್ಬರು ಅಕ್ಕನ ಸ್ವಂತ ಅಣ್ಣ. ಬಸವ ಜಯಂತಿ ಹೊತ್ತಿಗೆ ಕಬ್ಬು ನೆಟ್ಟಿದ್ದರು, ಚೀಟಿ ಅಂಗಿ ಜೇಬಿನಲ್ಲಿ ಉಳಿದು ಒಗೆಯುವಾಗ ಮುದ್ದೆಯಾಗಿತ್ತು. ಆ ಚೀಟಿಯನ್ನು ಏರಿಸಿದ್ದು ಅಕ್ಕನೇ, ದಿನ ಅವರಿಗೆ ಬಾಯಿಪಾಠ ಇತ್ತು. ಅಣ್ಣ ಕೇಳಿದರಂತೆ, ನೀನೇ ಬರಕೊಂಡಿದ್ದೀಯಲ್ಲ, ಅದೇ ದಿನ ಹಾಕು ಎಂದು. ಅಕ್ಕ ಹಾಕಲಿಲ್ಲ. ಊರವರೆಲ್ಲರಿಗೂ ಚೀಟಿ ಕೇಳಿ ಅಣ್ಣನಿಗೆ ಮಾತ್ರ ಬಾಯಿಮಾತಿನಲ್ಲಿ ಬರೆದರೆ, ಮೊದಲೇ ತಪ್ಪು ಮಾಡಿದವಳು ಎಂದು ಹೆಸರಾಗಿದೆ, ಇನ್ನು ಕಳ್ಳಿ ಎಂದೂ ಆಗುತ್ತದೆ ಎಂದು ಹೆದರಿದರು. ಮುಂದಿನ ವರ್ಷ ಅಣ್ಣನ ಸರದಿ ಐದಾರು ತಿಂಗಳು ಹಿಂದೆ ಬಿತ್ತು. ಕಬ್ಬಿನ ತುದಿಗೆ ಬಿಳಿ ಸೂಲಂಗಿ ಹೂವು ಬಂದು, ಒಳಗೆಲ್ಲ ಬೆಂಡಾಗಿ, ಕಡಿದಾಗ ಸೌದೆಗೂ ಬೇಡ ಎನ್ನುವಂತಾಗಿತ್ತು. ಆ ವರ್ಷವೇ ಅಕ್ಕ ಕೆಲಸ ಬಿಟ್ಟರು. ಯಾಕೆ ಎಂದು ನಾನು ಕೇಳಲಿಲ್ಲ. ಹೋದರಲ್ಲ, ಇನ್ನು ದಿನಾ ಮುಖ ನೋಡಬೇಕಿಲ್ಲ ಎಂದು ನನಗೆ ಹಗುರವೇ ಆಯಿತು. ಅದನ್ನೂ ಬರೆದುಬಿಡುತ್ತೇನೆ.

ನಾನೂ ಆಮೇಲೆ ಆ ಕೆಲಸ ಬಿಟ್ಟು ನಾಗಮಂಗಲದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟೆ. ಗಿರಾಕಿಗಳಿಗೆಲ್ಲ ನಕಲು ಇಟ್ಟುಕೊಳ್ಳಿ, ಇಟ್ಟುಕೊಂಡದ್ದನ್ನು ಆಗಾಗ ಎಬ್ಬಿಸಿ ನೋಡಿ ಎಂದು ಬುದ್ಧಿ ಹೇಳುತ್ತೇನೆ. ಜನ ನನ್ನನ್ನು ಭಾರಿ ಜವಾಬ್ದಾರಿಯ ಮನುಷ್ಯ ಎಂದುಕೊಂಡಿದ್ದಾರೆ.

ಈ ವರ್ಷ ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಕಂಡರು. ದಸರೆಯ ಆ ಘಟನೆಗೆ ನಾಲ್ಕು ವರ್ಷ ತುಂಬುತ್ತ ಬಂದಿತ್ತು. ಕೈಚೀಲದಲ್ಲಿ ಹೊಸ ಮೊರ, ಬಳೆಯ ಕಟ್ಟು. ಕ್ಯಾತನಹಳ್ಳಿ ಬಸ್ಸು ಮುಂದೆಯೇ ನಿಂತಿತ್ತು, ಅವರು ಹತ್ತಲಿಲ್ಲ. ಬಸ್ಸು ಹೊರಟುಹೋಗುವವರೆಗೂ ನೋಡುತ್ತ ನಿಂತರು. ಕಂಬದ ಮರೆಗೆ ಸರಿಯಬೇಕು ಎಂದು ನಾನು ಒಂದು ಹೆಜ್ಜೆ ಹಿಂದೆ ಇಟ್ಟಿದ್ದೆ, ಅಷ್ಟರಲ್ಲಿ ಅವರೇ ನೋಡಿಬಿಟ್ಟರು.

"ಸಾರ್, ಚೆಂದಾಗಿದ್ದೀರಾ? ಎಷ್ಟ್ ದಿನಾಯ್ತು."

ಕೆ.ಆರ್. ಪೇಟೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಾರಂತೆ. ಏನಾದರೂ ಮಾತಾಡಬೇಕಲ್ಲ ಎಂದು, ಕಂಪ್ಯೂಟರ್ ಕೆಲಸ ಯಾಕೆ ಬಿಟ್ಟಿರಿ, ಅಲ್ಲೂ ಬೇಕಾದಷ್ಟು ಇದೆಯಲ್ಲ ಅಂತ ಕೇಳಿದೆ.

"ಕರೆದ್ರು ಸಾರ್, ಒಂದ್ ಸ್ಕೂಲ್ನೋರು. ನಾನೇ ಒಲ್ಲೆ ಅಂದೆ. ನನ್ ಕೈ ಮೇಲೆ ನಂಗೇ ನಂಬ್ಕೆ ಇಲ್ಲ. ಈಗ ಬಟ್ಟೆ ಅಳತೆನೂ ಮೂರ್ ಮೂರ್ ಕಿತ ಬರ್ಕತೀನಿ."

ಹೋದ ಬಸ್ಸಿನ ದಿಕ್ಕು ನೋಡಿದೆ. "ಊರಿಗೆ ಹೋಗಲ್ವಾ ಹಬ್ಬಕ್ಕೆ?"

"ಅಣ್ಣ ಕರಿಯಕಿಲ್ಲ ಸಾರ್. ಬಾಗಿನ ತಕ್ಕತೀನಿ, ವರ್ಸಾ ವರ್ಸಾ ಇಲ್ಲಿಗಂಟ ಬತ್ತೀನಿ, ಇಂದಕ್ಕೆ ಓಯ್ತೀನಿ. ಒಡಹುಟ್ಟಿದೋಳೇ ಹೊಲ ನುಂಗಿದ್ಲು ಅಂದ್ಬುಟ್ಟ. ಅವನ್ದೂ ತಪ್ಪಿಲ್ಲ ಬುಡಿ." ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು. "ಒಂದ್ ಮಾತ್ ಕೇಳ್ತೀನಿ, ಬ್ಯಾಸ್ರ ಮಾಡ್ಕಬೇಡಿ. ಅವತ್ತು ನಾನು ಒತ್ತಿದ್ದು ಯಾವ ಬಟನ್ ಸಾರ್? ನಾಕ್ ವರ್ಸದಿಂದ ಯೋಚ್ನೆ ಮಾಡ್ತಾವ್ನಿ, ಗ್ಯಾನುಕ್ಕೇ ಬರಕಿಲ್ಲ."

ಒಂದು ಬಟನ್ನಿನ ಹೆಸರು ನನ್ನ ಬಾಯಿಯವರೆಗೂ ಬಂದಿತ್ತು. ಹೇಳಿದ್ದರೆ ನಂಬುತ್ತಿದ್ದರು. ನಂಬಿ, ಗೊತ್ತಾಯಿತಲ್ಲ ಎಂದು ಸಮಾಧಾನವನ್ನೂ ಮಾಡಿಕೊಳ್ಳುತ್ತಿದ್ದರು. ನಾಗಮಂಗಲದ ಬಸ್ಸು ಬಂದು ನಿಂತು ಕಂಡಕ್ಟರ್ ಕೂಗುತ್ತಿದ್ದ. ನಾನು ಹತ್ತಿದ್ದರೂ ಆಗುತ್ತಿತ್ತು. ಯಾಕೆ ಹತ್ತಲಿಲ್ಲ ಎಂದು ಕೇಳಿದರೆ ಇದು ನನ್ನ ಒಳ್ಳೆಯತನ ಎಂದು ಹೇಳಲಾರೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ನೋಡಲಿಕ್ಕೆ ಅಲ್ಲಿ ಕ್ಯಾಲೆಂಡರ್ ಇರಲಿಲ್ಲ.

"ನೀವು ಏನೂ ಒತ್ತಲಿಲ್ಲ ಅಕ್ಕಾ. ಪೂಜೆ ದಿನ ನಾನು ಡಿಸ್ಕು ಅದಲು ಬದಲು ಹಾಕಿದೆ. ಆಮೇಲೆ ಹಳೇದನ್ನ ಹೊಸದರ ಮೇಲೆ ನಾನೇ ನಕಲು ಮಾಡಿದೆ. ಅವತ್ತೇ ಗೊತ್ತಿತ್ತು ನನಗೆ. ನಿಮ್ಮ ಮೇಲೆ ಹಾಕಿದೆ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಕೈಚೀಲವನ್ನು ಕೆಳಗಿಟ್ಟರು. ಕೂಗುತ್ತಾರೆ, ಜನ ಸೇರುತ್ತಾರೆ ಎಂದು ನಾನು ಕಾದೆ. ಕೂಗಲಿಲ್ಲ.

"ನಂಗೆ ಯೋಳಿ ಏನ್ ಬಂತು" ಅಂದರು. ಸಾರ್ ಎನ್ನಲಿಲ್ಲ. "ನಮ್ಮಣ್ಣಂಗೆ ಯೋಳಿ."

"ಒಂದು ದಿನ ಬಿಡುವು ಮಾಡಿಕೊಂಡು ಊರಿಗೇ ಬಂದು..." ಎಂದು ಶುರು ಮಾಡಿದೆ.

"ಈಗ್ಲೇ ಯೋಳಿ. ನನ್ ಫೋನ್ ಎತ್ತಕಿಲ್ಲ ಅವ್ನು. ನಿಮ್ದ್ರಲ್ಲಿ ಮಾಡಿ."

ನಂಬರನ್ನು ಒಂದೊಂದೇ ಅಂಕಿ ಹೇಳಿದರು. ನಾನು ಒತ್ತಿದೆ. ನನ್ನ ಬೆರಳು ಎರಡು ಸಲ ತಪ್ಪಿತು, ಎರಡು ಸಲವೂ ಅವರು ಮೊದಲಿನಿಂದ ಹೇಳಿದರು. ಆ ಕಡೆ ರಿಂಗಾಗಿ, ಒರಟು ಗಂಟಲು ಕೇಳಿಸಿತು. "ಯಾರು ಮಾತಾಡಾದು?"

ನನ್ನ ಹೆಸರು ಹೇಳಿದೆ. ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನು ಎಂದೆ. ನಿಮ್ಮ ಚೀಟಿಯನ್ನು ನಿಮ್ಮ ತಂಗಿ ಸರಿಯಾಗಿ ಏರಿಸಿದ್ದರು, ಅಳಿಸಿದ್ದು ನಾನು, ಹೇಳದೆ ಮುಚ್ಚಿಟ್ಟವನೂ ನಾನು ಎಂದೆ. ಆ ಕಡೆಯಿಂದ ಹಸುವೊಂದು ಕೂಗಿದ್ದು, ಯಾರೋ ಬಕೆಟ್ ಇಟ್ಟ ಸದ್ದು ಕೇಳಿಸಿತು.

"ಅವ್ಳು ಅಲ್ಲೇ ಅವ್ಳಾ?"

"ಇದ್ದಾರೆ."

"ಕೊಡು."

ಕೊಟ್ಟೆ. ಅಕ್ಕ ನನಗೆ ಬೆನ್ನು ತಿರುಗಿಸಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತರು. ಮೊದಲು ಬರೀ ಊಂ, ಊಂ ಎನ್ನುತ್ತಿದ್ದರು. ಆಮೇಲೆ ಅತ್ತಿಗೆ ಹೇಗಿದ್ದಾರೆ, ಎಮ್ಮೆ ಕರು ಹಾಕಿತಾ, ಮನೆ ಮುಂದಿನ ನುಗ್ಗೆ ಮರ ಇದೆಯಾ ಎಂದು ಒಂದರ ಹಿಂದೆ ಒಂದು ಕೇಳತೊಡಗಿದರು. ನಾನು ಅವರ ಕೈಚೀಲ ಕಾಯುತ್ತ ನಿಂತೆ. ನಾಗಮಂಗಲದ ಬಸ್ಸು ಹೋಯಿತು.

ಫೋನ್ ವಾಪಸು ಕೊಡುವಾಗ ಅವರು ನನ್ನ ಮುಖ ನೋಡಲಿಲ್ಲ. ಚೀಲ ಎತ್ತಿಕೊಂಡು ಕ್ಯಾತನಹಳ್ಳಿಯ ಇನ್ನೊಂದು ಬಸ್ಸು ಎಷ್ಟು ಹೊತ್ತಿಗೆ ಎಂದು ಕಂಟ್ರೋಲರನ್ನು ಕೇಳಲು ಹೋದರು. ಫೋನಿನ ಪರದೆ ಇನ್ನೂ ಉರಿಯುತ್ತಿತ್ತು. ಇಪ್ಪತ್ತೆರಡು ನಿಮಿಷ ಮಾತು ಎಂದು ತೋರಿಸುತ್ತಿತ್ತು. ಅದರಲ್ಲಿ ನಾನು ಆಡಿದ್ದು ಒಂದು ನಿಮಿಷವೂ ಇರಲಿಲ್ಲ. ಆ ಒಂದು ನಿಮಿಷವನ್ನು ನಾಲ್ಕು ವರ್ಷ ಅವರಿಗೆ ಕೊಡದೆ ಇಟ್ಟುಕೊಂಡಿದ್ದೆ.